ಬಸ್ಸಿನಲ್ಲಿ ಫೇಲಾದ ಸಂದರ್ಶನ

ಎಂ.ಎಸ್ಸಿ. ಮೆರಿಟ್ ಸ್ಕಾಲರ್‌ಶಿಪ್ ಸಂದರ್ಶನಕ್ಕೆಂದು ಅಫಜಲಪುರದಿಂದ ಗುಲಬರ್ಗಾ ಬಸ್ಸು ಹತ್ತಿದ್ದೆ. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಉತ್ತರಗಳನ್ನು ಗುನುಗುತ್ತಿದ್ದಾಗ ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ ಎಲ್ಲಿಗೆಂದು ಕೇಳಿದರು. ವಿಷಯ ತಿಳಿದದ್ದೇ ತಡ, "ನಾನೇ ಇಂಟರ್‌ವ್ಯೂ ಮಾಡೋ ಸಾಹೇಬ ಅಂತ ತಿಳ್ಕೊ ಬೇಟಿ. ಇಷ್ಟೆಲ್ಲ ಓದಿ ಏನ್ ಮಾಡ್ತಿ, ಹೇಳು" ಎಂದರು.

ಬಿಟ್ಟರೆ ಸಾಕೆಂದು ಇಂಗ್ಲಿಷಿನಲ್ಲಿ ಒಪ್ಪಿಸಿದೆ.

"ತಿಳೀಲಿಲ್ಲ. ಫೇಲ್. ಇನ್ನೊಮ್ಮೆ ಹೇಳು."

ಅದನ್ನೇ ಕನ್ನಡದಲ್ಲಿ ಹೇಳಿದೆ.

"ಇದು ಪುಸ್ತಕದಾಗಿನ ಮಾತಾತು. ಫೇಲ್."

ಬಸ್ಸಿನವರೆಲ್ಲ ನಕ್ಕರು. ನನಗೆ ತಲೆ ಕೆಟ್ಟಿತು.

"ಓದೋದು ನನಗ ಸೇರ್ತದ್ರಿ ಕಾಕಾ! ಸ್ಕಾಲರ್‌ಶಿಪ್ ಸಿಗಲಿಲ್ಲಂದ್ರ ಮನ್ಯಾಗ ಲಗ್ನ ಮಾಡಿ ಕೈ ತೊಳ್ಕೋತಾರ. ಸಾಕೇನ್ರಿ?"

ನಗು ನಿಂತಿತು. ಹಿಂದಿನಿಂದ ಒಬ್ಬ ಹೆಂಗಸು, "ಕೊಟ್ಟುಬಿಡ್ರಿ ಯಪ್ಪಾ, ಪಾಪ" ಎಂದಳು.

"ನಾ ಎಲ್ಲಿಂದ ಕೊಡ್ಲಿ ತಾಯಿ? ನಾ ಎಮ್ಮಿ ವ್ಯಾಪಾರಿ!" ಎಂದ ಅವರು ನನ್ನತ್ತ ಬಗ್ಗಿ, "ಅಲ್ಲೀನೂ ಹಿಂಗೇ ಹೇಳು" ಎಂದರು.

ಅಲ್ಲಿ ಹಾಗೆ ಹೇಳುವ ಧೈರ್ಯ ಬರಲಿಲ್ಲ. ಬಾಯಿಪಾಠವನ್ನೇ ಒಪ್ಪಿಸಿದೆ. ಮೂವರು ಪ್ರೊಫೆಸರರೂ ತಲೆದೂಗಿದರು. ಅವರು ಕೇಳಿದ್ದೇ ಒಂದು, ನಾನು ಹೇಳಿದ್ದೇ ಇನ್ನೊಂದು ಎಂಬುದು ನನಗೆ ಹೊಳೆದದ್ದು ಹೊರಗೆ ಬಂದ ಮೇಲೆ. ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ, ಅವರಿಗೆ ಹೊಳೆಯಲೇ ಇಲ್ಲವೆಂದು ಕಾಣುತ್ತದೆ.