ಮೂಲಾ ನಕ್ಷತ್ರಕ್ಕೆ ಹೆದರಿದ ಮೇಷ್ಟ್ರು

ಹಾರನಹಳ್ಳಿಯ ಶಿವನಂಜಪ್ಪ ಮೇಷ್ಟ್ರ ಬಗ್ಗೆ ಕೆಟ್ಟದ್ದು ಬರೆಯಬೇಕೆಂಬ ಆಸೆ ನನಗೇನೂ ಇಲ್ಲ. ನನಗೆ ಅಕ್ಷರ ಕಲಿಸಿದವರು ಅವರೇ, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದವರು ಅವರೇ, ನಾನು ಹುಟ್ಟಿದ ದಿನವನ್ನು ಗೊತ್ತುಮಾಡಿದವರೂ ಅವರೇ. ಕೊನೆಯದನ್ನು ತಮಾಷೆಗೆ ಹೇಳುತ್ತಿಲ್ಲ. ನಮ್ಮವ್ವ ನನ್ನನ್ನು ಹೆತ್ತದ್ದು ಮಾವಿನ ಹಣ್ಣಿನ ಕಾಲದಲ್ಲಿ. ಆದರೆ ನನ್ನ ಟಿ.ಸಿ., ಆಧಾರ್ ಕಾರ್ಡು, ಮದುವೆಯ ಜಾತಕ ಎಲ್ಲದರಲ್ಲೂ ನಾನು ನವೆಂಬರ್ ಒಂದನೇ ತಾರೀಖು ಹುಟ್ಟಿದ್ದೇನೆ. ನಮ್ಮವ್ವನಿಗೂ ಈಗ ಅದೇ ಅಭ್ಯಾಸವಾಗಿಬಿಟ್ಟಿದೆ.

ಆಗೆಲ್ಲ ಮಗುವನ್ನು ಶಾಲೆಗೆ ಸೇರಿಸಲು ಬರುತ್ತಿದ್ದವರು ಅಪ್ಪಂದಿರು. ಹುಟ್ಟಿದ ತಾರೀಖು ಕೇಳಿದರೆ ತಲೆ ಕೆರೆದುಕೊಂಡು, "ನೀವೇ ಒಂದು ಬರ್ಕೊಳಿ ಮೇಷ್ಟ್ರೇ" ಅನ್ನುತ್ತಿದ್ದರು. ಅಕ್ಕಪಕ್ಕದ ಊರಿನ ಮೇಷ್ಟ್ರುಗಳು ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರು ಅಂಥ ಸೋಮಾರಿಯಲ್ಲ. ಮಗುವಿನ ಮುಖ ನೋಡುತ್ತಿದ್ದರು, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು, ಆಮೇಲೆ ಪೆನ್ನು ಎತ್ತುತ್ತಿದ್ದರು. ಜೋರಿನ ಹುಡುಗರಿಗೆ ಆಗಸ್ಟ್ ಹದಿನೈದು. ಮಾತುಗಾರರಿಗೆ ನವೆಂಬರ್ ಒಂದು. ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬಂದ ಬುದ್ಧಿವಂತ ಮಕ್ಕಳಿಗೆ ಅಕ್ಟೋಬರ್ ಎರಡು. ಹೀಗಾಗಿ ನಮ್ಮೂರೊಂದರಲ್ಲೇ ಗಾಂಧಿ ಜಯಂತಿಗೆ ಹುಟ್ಟಿದವರು ಹನ್ನೊಂದು ಜನ ಇದ್ದೇವೆ, ಕ್ಷಮಿಸಿ, ಇದ್ದಾರೆ. ನಾನು ರಾಜ್ಯೋತ್ಸವದ ಗುಂಪಿನವನು.

ಇದರಲ್ಲಿ ತಪ್ಪೇನೂ ಇರಲಿಲ್ಲ. ಬಡವರ ಮಗುವಿಗೆ ಹುಟ್ಟುಹಬ್ಬದ ದಿನ ರಜೆಯಾದರೂ ಇರಲಿ ಎನ್ನುವ ಒಳ್ಳೆಯ ಮನಸ್ಸು ಅದು. ಎಡವಟ್ಟಾದದ್ದು ಮೇಷ್ಟ್ರು ನಿವೃತ್ತರಾದ ಮೇಲೆ. ಮನೆಯಲ್ಲಿ ಕೂತು ಬೇಸರವಾಯಿತು. ಪಿರಿಯಾಪಟ್ಟಣಕ್ಕೆ ಹೋಗಿ ಹಳೆಯ ಪಂಚಾಂಗಗಳ ಒಂದು ಕಟ್ಟು ತಂದರು. ಒಂದು ವರ್ಷ ಜಗಲಿಯ ಮೇಲೆ ಕೂತು ಓದಿದರು. ಎರಡನೇ ವರ್ಷ ಜನ ಜಗಲಿಯ ಕೆಳಗೆ ಚಪ್ಪಲಿ ಬಿಡತೊಡಗಿದರು.

ಮದುವೆ ಯಾವಾಗ ಎಂದು ಕೇಳಲು ಬಂದವರೇ ಹೆಚ್ಚು. ಕಂಪಲಾಪುರದಿಂದ, ಸಾಲಿಗ್ರಾಮದಿಂದ, ಹುಣಸೂರಿನ ಆಚೆಯಿಂದಲೂ ಬಂದರು. ಮೇಷ್ಟ್ರು ದಕ್ಷಿಣೆ ಮುಟ್ಟುತ್ತಿರಲಿಲ್ಲ, ಗೌರವ ಮಾತ್ರ ಸಾಕಷ್ಟು ತೆಗೆದುಕೊಳ್ಳುತ್ತಿದ್ದರು. ನಮ್ಮೂರಿನವರಾದರೆ ಟಿ.ಸಿ.ಯ ಜೆರಾಕ್ಸ್ ತಂದಿರುತ್ತಿದ್ದರು. ಅದರಲ್ಲಿದ್ದ ತಾರೀಖು ಮೇಷ್ಟ್ರದೇ ಕೈಬರಹ. ಹೊತ್ತು ಯಾವುದು ಎಂದರೆ ತಾಯಿ, "ಸಂಜೆ ಅಸ ಕರೆಯೋ ಒತ್ತು" ಅನ್ನುತ್ತಿದ್ದಳು. ಮೇಷ್ಟ್ರು ಅದನ್ನು ಆರು ಗಂಟೆ ಹತ್ತು ನಿಮಿಷ ಎಂದು ಬರೆದುಕೊಂಡು, ಗುಣಾಕಾರ ಭಾಗಾಕಾರ ಮಾಡಿ, "ಮುಂದಿನ ಮಾಘದವರೆಗೆ ಗುರುಬಲ ಇಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಗುರುಬಲ ಬಂದ ವರ್ಷ ಒಂದೇ ಇಸವಿಯ ಗಾಂಧಿ ಜಯಂತಿಯವರೆಲ್ಲ ಒಟ್ಟಿಗೆ ಹೆಣ್ಣು ಗಂಡು ಹುಡುಕಲು ಹೊರಟು, ಒಂದೇ ಛತ್ರಕ್ಕೆ ಮೂರು ಮನೆಯವರು ಜಗಳವಾಡಿದ್ದೂ ಉಂಟು.

ನಾನೊಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ಮೇಷ್ಟ್ರೇ, ಈ ತಾರೀಖು ನೀವೇ ಅಲ್ವಾ ಬರ್ದಿದ್ದು?"

ಅವರು ಕನ್ನಡಕ ಮೇಲೆತ್ತಿ, ಮೂರನೇ ಕ್ಲಾಸಿನಲ್ಲಿ ನೋಡುತ್ತಿದ್ದಂತೆ ನನ್ನನ್ನು ನೋಡಿದರು. "ಬರೆದದ್ದು ನನ್ನ ಕೈ ಅಂದುಕೊಂಡೆಯಾ? ಆ ಕ್ಷಣದಲ್ಲಿ ಆ ತಾರೀಖೇ ಯಾಕೆ ಹೊಳೆಯಿತು? ಬರೆಸಿದ್ದು ಗ್ರಹಗಳು."

ಇದಕ್ಕೆ ಏನು ಹೇಳುತ್ತೀರಿ? ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಮೂಲಾ ನಕ್ಷತ್ರದ ಹುಡುಗಿಯರ ವಿಷಯದಲ್ಲಂತೂ ಮೇಷ್ಟ್ರು ಕಲ್ಲು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನ ಜೀವಕ್ಕೆ ಕುತ್ತು. ಅದಕ್ಕೆ ಶಾಂತಿಯಿಲ್ಲ, ಪರಿಹಾರವಿಲ್ಲ. "ಮಾವನ ಫೋಟೋಗೆ ಹಾರ ಬಿದ್ದಿರೋ ಮನೆ ನೋಡಿ" ಎಂದು ಸಲೀಸಾಗಿ ಹೇಳಿ ಕಳಿಸುತ್ತಿದ್ದರು. ಹಾಗೆ ಹೇಳಿಸಿಕೊಂಡು ಹೋದ ತಾಯಂದಿರ ಮುಖ ನಾನು ನೋಡಿದ್ದೇನೆ. ಗಂಡಿನ ಮನೆಗೆ ಕಾಲಿಟ್ಟ ತಕ್ಷಣ ಗೋಡೆಯ ಮೇಲೆ ಕಣ್ಣಾಡಿಸುತ್ತಿದ್ದರಂತೆ.

ಈಗ ಮೇಷ್ಟ್ರ ಮಗನ ಕಥೆ. ಕಾಂತರಾಜ್ ನನ್ನ ಜೊತೆ ಓದಿದವನು, ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಅದರ ಪಕ್ಕದಲ್ಲೇ ನನ್ನ ಹಿಂಡಿ ಬೂಸಾ ಅಂಗಡಿ. ಅವನಿಗೆ ಮೂವತ್ತನಾಲ್ಕು ದಾಟಿತ್ತು. ಪುಷ್ಪಾ ನಮ್ಮೂರವಳೇ, ನಮ್ಮ ಶಾಲೆಯವಳೇ, ಕಂಪಲಾಪುರದ ಕಡೆ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ಸ್ಕೂಟರಿನಲ್ಲಿ ಬಂದು, ಕಷ್ಟಕ್ಕೆ ಸಿಕ್ಕಿದ ಹಸುವಿನ ಹೊಟ್ಟೆಗೆ ತೋಳು ಹಾಕಿ ಕರು ಎಳೆದು, ಕೈ ತೊಳೆದ ಮೇಲೆ ಕರು ಹುಟ್ಟಿದ ತಾರೀಖು ಗಂಟೆ ನಿಮಿಷ ಬರೆದುಕೊಳ್ಳುವಳು. ನಮ್ಮೂರಿನಲ್ಲಿ ಹುಟ್ಟಿದ ಹೊತ್ತು ಸರಿಯಾಗಿ ಗೊತ್ತಿರುವುದು ಕರುಗಳಿಗೆ ಮಾತ್ರ, ಅದೂ ಅವಳು ಬಂದ ಮೇಲೆ.

ಡೈರಿ ಹಸುಗಳ ನೆಪದಲ್ಲಿ ಇಬ್ಬರಿಗೂ ಮನಸ್ಸು ಕೂಡಿತು. ಜಾತಿ ಒಂದೇ, ಬಳಗವೂ ದೂರದ್ದಲ್ಲ, ಹುಡುಗಿಗೆ ಸರ್ಕಾರಿ ಕೆಲಸ. ಮೇಷ್ಟ್ರ ಹೆಂಡತಿ ವೀರಮ್ಮ ಅಂತೂ ಅವಳನ್ನು ಆಗಲೇ ಸೊಸೆಯೆಂದು ನಿರ್ಧರಿಸಿಬಿಟ್ಟಿದ್ದರು. ಅಡ್ಡಿ ಒಂದೇ. ಪುಷ್ಪಾಳ ಟಿ.ಸಿ.ಯಲ್ಲಿ ಇದ್ದದ್ದು ಅಕ್ಟೋಬರ್ ಎರಡು, ತೊಂಬತ್ತೆರಡು. ಚಿಕ್ಕಂದಿನಲ್ಲಿ ಅವಳು ಬಲು ಬುದ್ಧಿವಂತೆ. ಮೇಷ್ಟ್ರು ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದರು. ಮೂಲಾ ನಕ್ಷತ್ರ.

ಅಲ್ಲಿಂದ ಮೂರು ವರ್ಷ ಎಳೆದರು. ಮೊದಲ ವರ್ಷ ಗುರುಬಲ ಇಲ್ಲ ಎಂದರು. ಎರಡನೇ ವರ್ಷ ಮಗನಿಗೆ ಶನಿಯ ಕಾಟ ಎಂದರು. ಮೂರನೇ ವರ್ಷ ಬೇರೆ ನೆಪ ಸಿಗದೆ ನಿಜ ಹೇಳಿದರು. "ಆ ಹುಡುಗಿ ಬಂದರೆ ನಾನು ಉಳಿಯೋದಿಲ್ಲ ಕಣೋ." ಕಾಂತರಾಜ್ ನನ್ನ ಅಂಗಡಿಗೆ ಬಂದು ಬೂಸಾ ಮೂಟೆಯ ಮೇಲೆ ಕೂತು ಅತ್ತುಬಿಟ್ಟ. ಅಪ್ಪ ಹೇಳಿದ್ದನ್ನು ಬಿಟ್ಟು ಮದುವೆಯಾಗು ಎಂದರೆ, "ನಮ್ಮಪ್ಪಾಜಿನ ಸಾಯಿಸಿ ಮದ್ವೆ ಆಗು ಅಂತೀಯೇನ್ಲಾ?" ಎಂದು ನನ್ನ ಮೇಲೆಯೇ ರೇಗಿದ. ಅರವತ್ತೆಂಟು ವರ್ಷದ, ದಿನಾ ನಾಲ್ಕು ಮೈಲಿ ನಡೆಯುವ, ಸಕ್ಕರೆ ಕಾಯಿಲೆಯೂ ಇಲ್ಲದ ಗಟ್ಟಿ ಮನುಷ್ಯನನ್ನು ಕಾಪಾಡಲು ಇಬ್ಬರ ಬದುಕು ಹಾಳಾಗುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ.

ಹೋದ ಆಷಾಢದಲ್ಲಿ ಎಚ್.ಡಿ. ಕೋಟೆ ಕಡೆಯಿಂದ ಪುಷ್ಪಾಳಿಗೆ ಒಂದು ಸಂಬಂಧ ಬಂತು. ಅವಳ ತಾಯಿ ಸಿದ್ದಲಿಂಗಮ್ಮ ಗಂಡನಿಲ್ಲದ ಹೆಂಗಸು, ಎಷ್ಟು ದಿನ ಕಾದಾಳು? ಶ್ರಾವಣ ಹುಟ್ಟುವುದರೊಳಗೆ ಮೇಷ್ಟ್ರ ಮನೆಯವರು ಹೂಂ ಅನ್ನಬೇಕು, ಇಲ್ಲದಿದ್ದರೆ ಕೋಟೆಯವರಿಗೆ ಮಾತು ಕೊಡುತ್ತೇನೆ ಎಂದಳು. ಪುಷ್ಪಾ ಅವತ್ತೇ ತಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೇರವಾಗಿ ಮೇಷ್ಟ್ರ ಜಗಲಿಗೆ ಬಂದಳು. ಕಾಂತರಾಜ್ ನನ್ನನ್ನೂ ಎಳೆದುಕೊಂಡು ಹೋದ.

"ಸಾರ್, ನನ್ನ ತಾರೀಖು ಬರ್ದೋರು ನೀವು. ನೀವೇ ತೆಗೀರಿ" ಅಂದಳು ಪುಷ್ಪಾ.

"ಸರ್ಕಾರದ ದಾಖಲೆ ತಾಯಿ. ತಿದ್ದುವ ಅಧಿಕಾರ ನನಗಿಲ್ಲ."

"ಸರ್ಕಾರದ್ದು ಹಂಗೇ ಇರ್ಲಿ ಸಾರ್. ಗ್ರಹಗಳಿಗೆ ನಿಜವಾದ ದಿನ ಕೊಡಣ. ನಮ್ಮವ್ವನ್ನ ಒಂದ್ಸಲ ಕೇಳಿ."

ಮೇಷ್ಟ್ರು ಸಿದ್ದಲಿಂಗಮ್ಮನ ಕಡೆ ತಿರುಗಿದರು. ಮೂವತ್ತೆರಡು ವರ್ಷದಲ್ಲಿ ಆ ಹೆಂಗಸನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಭೀಮನಮಾಸೆ ಆದ ಮಾರನೇ ದಿನ ಕಣ್ರೀ ಮೇಷ್ಟ್ರೇ" ಅಂದಳು ಸಿದ್ದಲಿಂಗಮ್ಮ, ಒಂದು ಕ್ಷಣವೂ ಯೋಚಿಸದೆ. "ಅಮಾಸೆ ದಿನ ಇವರಪ್ಪನ ಕಾಲು ತೊಳ್ದು ಪೂಜೆ ಮಾಡ್ದೆ. ಬಗ್ಗಕ್ಕೇ ಆಯ್ತಿರ್ಲಿಲ್ಲ, ಅಷ್ಟು ದೊಡ್ಡ ಒಟ್ಟೆ. ಮಾರನೇ ದಿನ ಸಂಜೆ ಅಸ ಕರೆಯೋ ಒತ್ಗೆ ಇವ್ಳು ಉಟ್ಟುದ್ಲು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನನ್ನ ಯಾರು ಕೇಳುದ್ರು? ಇಸ್ಕೂಲ್ ಪತ್ರದಾಗೆ ಮೊಹರು ಒತ್ತವ್ರೆ, ಎತ್ತೋಳ ಮಾತು ಯಾರಿಗೆ ಬೇಕು ಅಂದ್ಕಂಡೆ."

ಮೇಷ್ಟ್ರು ಎದ್ದು ಒಳಗೆ ಹೋಗಿ ತೊಂಬತ್ತೆರಡನೇ ಇಸವಿಯ ಪಂಚಾಂಗ ತಂದರು. ಅದರ ಅಂಚನ್ನು ಗೆದ್ದಲು ತಿಂದಿತ್ತು. ಭೀಮನ ಅಮಾವಾಸ್ಯೆ ಹುಡುಕಿದರು, ಒಂದು ದಿನ ಮುಂದಕ್ಕೆ ಬೆರಳಿಟ್ಟರು, ತುಟಿ ಆಡಿಸುತ್ತಾ ಗಳಿಗೆ ಎಣಿಸಿದರು. ಕಾಂತರಾಜ್ ಜಗಲಿಯ ಕಂಬ ಹಿಡಿದು ನಿಂತಿದ್ದ. ಪುಷ್ಪಾ ಮೇಷ್ಟ್ರ ಬೆರಳನ್ನೇ ನೋಡುತ್ತಿದ್ದಳು. ಆ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಅವಳ ಬಾಳು ನಿಲ್ಲುತ್ತಿತ್ತು, ಹಸುವಿನ ಹೊಟ್ಟೆಗೆ ಕೈ ಹಾಕಿ ಜೀವ ಉಳಿಸುವ ಹುಡುಗಿಗೆ ಈ ಗತಿ.

ಮೇಷ್ಟ್ರ ಮುಖ ಅರಳಿತು. ನಾನು ಅವರ ಮುಖ ಅಷ್ಟು ಅರಳಿದ್ದನ್ನು, ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದ ವರ್ಷವೂ ನೋಡಿರಲಿಲ್ಲ.

"ಮೂಲಾ ಅಲ್ಲವೇ ಅಲ್ಲ! ಆಶ್ಲೇಷಾ! ಮಾವನಿಗೆ ಏನೂ ತೊಂದರೆ ಇಲ್ಲ. ಶ್ರಾವಣದಲ್ಲೇ ಮುಹೂರ್ತ ನೋಡೋಣ."

ಕಾಂತರಾಜ್ ಕಂಬ ಬಿಟ್ಟು ಕೂತೇಬಿಟ್ಟ. ಪುಷ್ಪಾ ಮುಖ ಮುಚ್ಚಿಕೊಂಡಳು. ಸಂತೋಷದ ನಡುವೆ ಸಿದ್ದಲಿಂಗಮ್ಮ ಮಾತ್ರ, ಪಾಪದ ಹೆಂಗಸು, ನಿಯತ್ತಾಗಿ ಕೇಳಿದಳು. "ಆಶ್ಲೇಷ ಅಂದ್ರೆ ಅತ್ತೆಗೆ ಆಗಲ್ಲ ಅಂತಾರಲ್ಲ ಮೇಷ್ಟ್ರೇ?"

"ಅಯ್ಯೋ, ಅತ್ತೆಗೆ ತಾನೇ!" ಮೇಷ್ಟ್ರು ನಕ್ಕರು. "ಅದು ಸಣ್ಣ ದೋಷ. ಒಂದು ಶಾಂತಿ ಮಾಡಿಸಿದರೆ ಮುಗಿಯಿತು."

ಆಗ ನಾನು ಬಾಗಿಲ ಕಡೆ ನೋಡಿದೆ. ವೀರಮ್ಮ ಕಾಫಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಎಲ್ಲರಿಗೂ ಲೋಟ ಕೊಟ್ಟರು, ಪುಷ್ಪಾಳ ತಲೆ ಸವರಿದರು, "ನಮ್ಮನೆಗೇ ಬಾ ಕಣವ್ವ" ಅಂದರು. ಗಂಡನಿಗೆ ಮಾತ್ರ ಲೋಟವನ್ನು ಕೈಗೆ ಕೊಡದೆ ಪಂಚಾಂಗದ ಪಕ್ಕದಲ್ಲಿಟ್ಟು ಒಳಗೆ ಹೋದರು.

ವಾರ ಕಳೆದು ಆ ವರ್ಷದ ಭೀಮನ ಅಮಾವಾಸ್ಯೆ ಬಂತು. ಗಂಡನ ಆಯಸ್ಸು ಹೆಚ್ಚಲೆಂದು ಹೆಂಗಸರು ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಛತ್ರದ ವಿಷಯ ಮಾತಾಡಲು ಬೆಳಿಗ್ಗೆಯೇ ನಾನು ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಹೊಸ ಪಂಚೆ ಉಟ್ಟು, ಎಂದಿನಂತೆ ಪೂಜೆಗೆ ತಯಾರಾಗಿದ್ದರು. ನಡುಮನೆಯಲ್ಲಿ ಕುರ್ಚಿ ಇತ್ತು, ತಟ್ಟೆ ಇತ್ತು, ಹೂವು ಅರಿಶಿನ ಎಲ್ಲವೂ ಇತ್ತು. ಕುರ್ಚಿಯ ಮೇಲೆ ಮಾತ್ರ ವೀರಮ್ಮ ಕೂತಿದ್ದರು.

"ಬನ್ನಿ, ಕಾಲು ತೊಳೀರಿ" ಅಂದರು.

ಮೇಷ್ಟ್ರು ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದರು. "ಏನೇ ಇದು ಹುಡುಗಾಟ, ಪರಸ್ಥಳದವರ ಮುಂದೆ."

ನಾನು ಎದುರುಮನೆಯವನು. ಆದರೂ ಹಿಂದಕ್ಕೆ ಸರಿದೆ. ವೀರಮ್ಮ, "ನೀನು ಇರಪ್ಪ" ಅಂದರು. ಆಮೇಲೆ ಗಂಡನಿಗೆ ಹೇಳಿದರು. "ನಲವತ್ತು ವರ್ಸ ನಿಮ್ಮ ಆಯಸ್ಸು ಗಟ್ಟಿಯಾಗ್ಲಿ ಅಂತ ನಾನು ತೊಳ್ದೆ. ಈಗ ಕುತ್ತು ಇರೋದು ನನ್ನ ತಲೆ ಮ್ಯಾಗೆ ಅಂತ ನೀವೇ ಪಂಚಾಂಗ ನೋಡಿ ಯೋಳಿದ್ರಿ. ಅಂದ್ಮ್ಯಾಗೆ ನೀವು ತೊಳೀಬೇಕಲ್ವಾ?"

"ಅದು ಸಣ್ಣ ದೋಷ ಕಣೇ..."

"ಸಣ್ಣದಾದ್ರೆ ನೀರೂ ಸಣ್ಣಗೇ ಉಯ್ರಿ."

ಮೇಷ್ಟ್ರ ಮುಂದೆ ಇದ್ದದ್ದು ಎರಡೇ ದಾರಿ. ಆಶ್ಲೇಷಾ, ಮೂಲಾ ಎಲ್ಲ ಬರೀ ಬೊಗಳೆ ಎಂದು ಹೆಂಡತಿಗೂ ಊರಿಗೂ ಒಪ್ಪಿಕೊಳ್ಳಬೇಕು, ಇಲ್ಲವೇ ಬಗ್ಗಬೇಕು. ಹೊಸ ಪಂಚೆ ಎತ್ತಿಕಟ್ಟಿ, ಒಂದು ಕೈ ನೆಲಕ್ಕೆ ಊರಿ, ಮೊಣಕಾಲಿನ ಮೇಲೆ ಕೂತರು. ಚೊಂಬು ಬಗ್ಗಿಸಿದಾಗ ನೀರು ತಟ್ಟೆಯಿಂದ ಆಚೆಗೆ ಚೆಲ್ಲಿತು. ನನಗೆ ನಗು ಬರುತ್ತದೆ ಅಂದುಕೊಂಡಿದ್ದೆ. ವೀರಮ್ಮನ ಒಡೆದ ಹಿಮ್ಮಡಿ ನೋಡಿ ಬರಲಿಲ್ಲ.

"ಆ ಉಡ್ಗಿಯಿಂದ ನಂಗೇನೂ ಭಯ ಇಲ್ಲ" ಅಂದರು ವೀರಮ್ಮ, ಗಂಡನ ಬೋಳು ನೆತ್ತಿ ನೋಡುತ್ತಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಯಿತು. "ನಿಮ್ಮ ಜೀವ ಅಂದಾಗ ಮೂರು ವರ್ಸ ಮಗನ್ನ ಅಳಿಸಿದ್ರಿ. ನನ್ನ ಜೀವ ಅಂದಾಗ ಒಂದು ಲೋಟ ಕಾಫಿ ಆರೋವಷ್ಟು ಒತ್ತೂ ಯೋಚ್ನೆ ಮಾಡ್ನಿಲ್ಲ. ಅವತ್ತು ನೀವು ನಕ್ಕುದ್ದ ನಾನು ನೋಡ್ದೆ."

ಮೇಷ್ಟ್ರು ಎರಡನೇ ಪಾದಕ್ಕೆ ನೀರು ಹಾಕಿದರು.