ತಂತಿಯಲ್ಲಿ ಉಳಿದ ಅರ್ಧ ಮಾತು

ಬೆಳಿಗ್ಗೆ ಅಂಗಡಿಯಲ್ಲಿ ಹಳೆಯ ಮೈಕುಗಳನ್ನು ಒರೆಸುತ್ತಿದ್ದೆ. ಒಂದರ ಸ್ಪಂಜಿನ ಟೊಪ್ಪಿಯಿಂದ ಲವಂಗದ ವಾಸನೆ ಬಂತು. ನೀವು ಮೈಕ್ ಬಾಡಿಗೆಗೆ ಕೊಡುವವರಲ್ಲದಿದ್ದರೆ ನಿಮಗಿದು ತಿಳಿಯದು: ಮಾತಾಡಿದವರು ಮನೆಗೆ ಹೋದರೂ ಅವರ ಬಾಯಿ ಸ್ವಲ್ಪ ಕಾಲ ಸ್ಪಂಜಿನಲ್ಲೇ ಇರುತ್ತದೆ. ಭಾಷಣಕಾರರಾದರೆ ಗುಟ್ಕಾ, ಮದುವೆ ಮನೆಯ ಹಿರಿಯರಾದರೆ ಪಾನ್. ಲವಂಗವೆಂದರೆ ರೇಣುಕಾ.

ಕುಂದಾಪುರದ ಕಡೆಯಿಂದ ಪುಣೆಗೆ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ಕೊನೆಗೆ ಸ್ವಂತ ಮೈಕ್ ಸೆಟ್ ಇಟ್ಟವನು ನಾನು. ಚೌಕಾಸಿ ನನ್ನ ಮೊದಲ ವಿದ್ಯೆ, ಬಿಟ್ಟಿ ಸಲಹೆ ಎರಡನೆಯದು. ಇಲ್ಲಿನ ತರಕಾರಿ ಮಾರುಕಟ್ಟೆ ಮಂಡಯಿಯಲ್ಲಿ ಪಕ್ಕ ನಿಂತ ಅಪರಿಚಿತರ ಬದನೆಕಾಯಿಗೂ ನಾನೇ ಚೌಕಾಸಿ ಮಾಡಿದ್ದುಂಟು. ಅಂಥವನ ಕೈಗೆ ಸಿಕ್ಕವರು ರೇಣುಕಾ ಮತ್ತು ಚೇತನ್.

ಆಕೆ ವಿಜಯಪುರದವಳು, ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಅವನು ಮೈಸೂರಿನವನು, ಕಂಪ್ಯೂಟರ್ ಕೆಲಸ. ಅವಳಿಗೆ ನಾನು ಕಾಕಾ, ಅವನಿಗೆ ಅಂಕಲ್. ಅವಳ ಕೈಯಲ್ಲಿ ದಪ್ಪು, ಅವನ ಕೈಯಲ್ಲಿ ಗಿಟಾರ್. ಗೀಗೀ ಪದದ ಧಾಟಿಯಲ್ಲಿ ಗಣಿತ, ಗ್ರಹಣ, ಕಂಪ್ಯೂಟರ್ ವೈರಸ್ ಎಂದೆಲ್ಲ ತಾವೇ ಕಟ್ಟಿದ ನಗೆಹಾಡುಗಳಲ್ಲಿ ಜಗಳವಾಡುವರು. ಸೊನ್ನೆ ಹೆಚ್ಚೋ ಒಂದು ಹೆಚ್ಚೋ ಎಂಬ ಹಾಡನ್ನು ನಾನು ಮೊದಲು ಕೇಳಿದ್ದು ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ.

"ಸೊನ್ನಿ ತಗದ್ರ ನಿನ್ನ ಪಗಾರದಾಗ ಏನ್ ಉಳೀತದೋ ತಮ್ಮಾ?" ಎಂದು ಅವಳು.

"ಮುಂದೆ ಒಂದು ನಿಲ್ದೇ ಇದ್ರೆ ನಿನ್ ಸೊನ್ನೇನ ಯಾರ್ ಕೇಳ್ತಾರೇ ಅಕ್ಕಾ?" ಎಂದು ಅವನು.

ಅವರದೊಂದು ರೂಢಿಯಿತ್ತು. ಪ್ರತಿ ಕಾರ್ಯಕ್ರಮದಲ್ಲೂ ಒಬ್ಬರು ಇನ್ನೊಬ್ಬರಿಗೆ ಗೊತ್ತಿಲ್ಲದ ಒಂದು ಸವಾಲು ಹಾಕಬೇಕು. ಉತ್ತರವನ್ನು ಅಲ್ಲೇ ಕಟ್ಟಿ ಹಾಡಬೇಕು. ಕೆಲವೊಮ್ಮೆ ಉತ್ತರ ಸಿಗದೆ ಇಬ್ಬರೂ ನಗುತ್ತ ನಿಂತುಬಿಡುವರು. ಇದು ವ್ಯಾಪಾರಕ್ಕೆ ಆಗುವ ಮಾತಲ್ಲ ಎಂದು ನನಗನ್ನಿಸಿತು.

ಪುಣೆಯ ಹತ್ತಿರದ ಗಿರಿಧಾಮ ಲೋಣಾವಳಾದ ಒಂದು ಹೋಟೆಲಿನಲ್ಲಿ ಪ್ರತಿ ಶನಿವಾರ ಚಹದ ಹೊತ್ತಿಗೆ ಮರಾಠಿ ಬೆರೆಸಿ ಹಾಡುವ ಕೆಲಸವನ್ನು ನಾನೇ ಕುದುರಿಸಿಕೊಟ್ಟೆ. ಮ್ಯಾನೇಜರನ ಷರತ್ತು ಒಂದೇ: ವಾರವಾರವೂ ಅದೇ ಹಾಡು, ಅದೇ ನಗೆ, ಎಲ್ಲೂ ತಡವರಿಸಬಾರದು. ನಾನೂ ತಲೆಯಾಡಿಸಿದೆ. "ನೋಡಿ, ಇಡ್ಲಿ ದಿನಾ ಒಂದೇ ರುಚಿ ಇರ್ಬೇಕು. ಗಿರಾಕಿ ಬರೋದೇ ಅದಕ್ಕೆ," ಎಂದು ಇಬ್ಬರಿಗೂ ಬುದ್ಧಿ ಹೇಳಿದೆ. ಮಕ್ಕಳು ಒಪ್ಪಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ, ಮೈಕಿನ ಜೊತೆ ಅವರನ್ನೂ ಲೋಣಾವಳಾಕ್ಕೆ ಒಯ್ಯುವ ನನ್ನ ಟೆಂಪೋದಲ್ಲಿ ಮಾತೇ ಇಲ್ಲವಾಯಿತು. ಒಂದು ಶನಿವಾರ ದಾರಿಯಲ್ಲಿ ರೇಣುಕಾ ಅಂದಳು, "ಕಾಕಾ, ಇಂವಾ ಏನ್ ಕೇಳ್ತಾನ ಅಂತ ಮೊದ್ಲ ಗೊತ್ತದ. ನಕ್ಕಂಗ ಮಾಡಿ ಮಾಡಿ ದವಡಿ ನೋಯಾಕ ಹತ್ಯಾವ. ಇವತ್ತಿಗೆ ಸಾಕ್ರಿ, ನಾ ಹಾಡೋದ ಬಿಡ್ತೀನಿ."

"ನೀನ್ ಬಿಟ್ರೆ ನಾನ್ ಯಾರ್ ಜೊತೆ ಜಗಳ ಆಡ್ಲಿ? ಗೋಡೆ ಜೊತೆನಾ?" ಎಂದ ಚೇತನ್. ತಮಾಷೆಯಾಗಿ ಹೊರಟ ಮಾತು, ಆದರೆ ಅವನ ದನಿ ಹಾಗಿರಲಿಲ್ಲ.

ಸಲಹೆ ಕೊಡಲೆಂದು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಬಾರಿಗೆ ಒಳಗೆ ಏನೂ ಇರಲಿಲ್ಲ.

ಅಂದು ಹಾಡಿನ ನಡುವೆ ಸಿಡಿಲು ಬಡಿದು ಕರೆಂಟ್ ಹೋಯಿತು. ರೇಣುಕಾಳ ಸಾಲು ಅರ್ಧಕ್ಕೇ ನಿಂತಿತು. ಚಹದ ಕಪ್ಪು ಕೆಳಗಿಟ್ಟು ಜನ ಏಳತೊಡಗಿದರು. ಸತ್ತ ಸ್ಪೀಕರಿನ ಪಕ್ಕ ಕೂತಿದ್ದ ನಾನು, ಯಾಕೋ ಏನೋ, ಕೂಗಿಯೇಬಿಟ್ಟೆ: "ಏ ಮಕ್ಕಳೇ, ತಂತಿ ಒಳಗೆ ಅರ್ಧ ದಾರಿ ಬಂದ ಮಾತು ಈಗ ಎಲ್ಲಿದೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ರೇಣುಕಾ ದಪ್ಪು ಎತ್ತಿದಳು.

"ತಂತ್ಯಾಗ ಕುಂತು ಕಾಯಾಕ ಹತ್ತೈತಿ, ಮುಂದಿನ ಗಾಡಿ ಯಾವಾಗೋ?"

"ಉಳಿದರ್ಧ ನಿನ್ ಬಾಯಲ್ಲೇ ಇದೆ, ಉಗುಳ್ಬೇಡ ಕಣೇ ಲವಂಗಾನ!"

ಅವಳು ನಕ್ಕಳು. ನಕ್ಕ ಹಾಗೆ ಮಾಡಿದ್ದಲ್ಲ, ಹಾಡು ಕಡಿದುಹೋಗುವಷ್ಟು ನಕ್ಕಳು. ಎದ್ದಿದ್ದವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಅವರಿಗಾಗಿ ರೇಣುಕಾ, ಚೇತನ್ ಅದನ್ನೇ ಮರಾಠಿಗೆ ತಿರುಗಿಸಿ ಹಾಡಿದರು. ಕರೆಂಟ್ ಬಂದದ್ದು ಯಾರಿಗೂ ಬೇಕಿರಲಿಲ್ಲ.

ಹೋಟೆಲಿನೊಡನೆ ನಾನೇ ಕುದುರಿಸಿದ್ದ ಒಪ್ಪಂದವನ್ನು ಮರುವಾರ ನಾನೇ ಹೋಗಿ ಮುರಿದು ಬಂದೆ. ಮ್ಯಾನೇಜರ್ ಆ ಊರಿಗೆ ಹೆಸರು ತಂದ ಕಡಲೆ ಚಿಕ್ಕಿಯನ್ನೂ ಕೊಡದೆ ಕಳಿಸಿದ. ಆಮೇಲೆ ಅವರಿಬ್ಬರೂ ಸಣ್ಣ ಸಣ್ಣ ಕೋಣೆಗಳಲ್ಲಿ, ಹೆಚ್ಚಾಗಿ ಮೈಕೇ ಇಲ್ಲದೆ ಹಾಡುತ್ತ ಊರೂರು ಸುತ್ತಿದರು. ಸ್ವಂತ ಗಿರಾಕಿಯನ್ನು ಹೀಗೆ ಕಳೆದುಕೊಂಡ ಮೈಕಿನವನು ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಮೊನ್ನೆ, ಬಹಳ ದಿನಗಳ ಮೇಲೆ, ಸಭೆ ದೊಡ್ಡದೆಂದು ಒಂದು ಮೈಕ್ ಒಯ್ದಿದ್ದರು. ಅದನ್ನೇ ಬೆಳಿಗ್ಗೆ ನಾನು ಒರೆಸುತ್ತಿದ್ದದ್ದು. ಒರೆಸುತ್ತಿರುವಾಗಲೇ ರೇಣುಕಾಳ ಫೋನ್.

"ಕಾಕಾ, ಐತವಾರ ಮತ್ತ ನಮ್ಮ ಹಾಡು ಅದ. ಮೈಕ್ ಬ್ಯಾಡ್ರಿ, ನೀವ ಬರ್ರಿ. ಒಂದು ಪ್ರಶ್ನಿ ತರ್ರಿ. ಉತ್ತರ ನಿಮಗೂ ಗೊತ್ತಿರಬಾರ್ದು ಮತ್ತ!"

ಅರ್ಧ ಪ್ರಶ್ನೆಗೆ ಒಪ್ಪುತ್ತೀಯಾ ಎಂದು ಚೌಕಾಸಿ ಮಾಡಿ ನೋಡಿದೆ. ಬಗ್ಗಲಿಲ್ಲ. ಆಗಿನಿಂದ ಸ್ಪಂಜನ್ನು ಕೈಯಲ್ಲಿ ಹಿಡಿದು ಕೂತಿದ್ದೇನೆ. ಬಂದ ಗಿರಾಕಿಯೊಬ್ಬ ಮಗಳ ಮದುವೆಗೆ ಎಂಥ ಸ್ಪೀಕರ್ ಒಳ್ಳೆಯದೆಂದು ಕೇಳಿದ.

"ನನಗೆ ಗೊತ್ತಿಲ್ಲ ಮಾರಾಯ್ರೇ. ಮೊದಲು ಹೇಳಿ, ಅಲ್ಲಿ ಹಾಡುವವರು ಯಾರು?" ಎಂದೆ.