ಗಾಣದ ಮನೆಯಲ್ಲಿ ಬೀಗರ ಧೋತರ

ತೊಳೆಯುವ ಪದಾರ್ಥ ಯಾವುದು, ತೊಳೆದಂತೆ ನಟಿಸುವ ಪದಾರ್ಥ ಯಾವುದು ಎಂಬುದನ್ನು ತೀರ್ಮಾನಿಸುವ ಹಕ್ಕು ಹಿರೋಳ್ಳಿಯಲ್ಲಿ ಒಬ್ಬಳಿಗೇ ಇತ್ತು. ಆ ಹಕ್ಕನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು. ಅವಳು ಗಾಣದ ಮಲ್ಕಪ್ಪನ ಹೆಂಡತಿ ಅಂಬುಬಾಯಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯ ಈಚೆ ನನ್ನ ತಾಯಿ ಸುಲ್ತಾನಬಿ. ಈ ಕತೆ ನನ್ನ ತಾಯಿ ಹೇಳಿದ್ದು. ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ.

ಯಾರೇ ಹೊಸ ಪುಡಿ, ಹೊಸ ಬಿಲ್ಲೆ ತರಲಿ, ಅಂಬುಬಾಯಿ ಒಳಗಿನಿಂದ ಒಂದು ಚಿಂದಿ ತರುವಳು. ಕುಸುಬಿ ಎಣ್ಣೆಯಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಅಂಟಂಟಾಗಿ ಹಳದಿ ತಿರುಗಿದ ಚಿಂದಿ. "ಇದನ್ನ ತೊಳದು ತೋರಸ್ರಿ" ಎನ್ನುವಳು. ತೊಳೆದು ಒಣಗಿಸಿದ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡುವಳು. ಹನಿ ಬಟ್ಟೆಯೊಳಗೆ ಇಳಿದರೆ ಎಣ್ಣೆ ಹೋಗಿದೆ. ಉರುಟಾಗಿ ಮೇಲೇ ಕೂತರೆ ಎಣ್ಣೆ ಇನ್ನೂ ಇದೆ. ತಂದವರು ಬಂದ ದಾರಿ ಹಿಡಿಯಬೇಕು.

ಹುಣಸೆಹಣ್ಣು ಈ ಪರೀಕ್ಷೆಯಲ್ಲಿ ಮೊದಲೇ ಬಿದ್ದುಹೋಗಿತ್ತು. ತಾಮ್ರದ ಕೊಡವನ್ನು ಥಳಥಳ ಎನ್ನಿಸುತ್ತದೆ, ನಿಜ. ಎಣ್ಣೆಯ ತಂಟೆಗೆ ಹೋಗುವುದಿಲ್ಲ. "ನಮ್ಮನಿ ಯಜಮಾನ್ರು ಹುಣಸಿಹಣ್ಣ ನೋಡ್ರಿ. ನಾಕು ಮಂದಿ ಮುಂದ ಹೊಳೀತಾರ, ಕೆಲಸಕ್ಕ ಬರಂಗಿಲ್ಲ" ಎಂದು ಮಲ್ಕಪ್ಪನ ಎದುರಿಗೇ ಹೇಳುವಳು. ಮರಳು ಬರಿ ಉಜ್ಜುತ್ತದೆ. ಒಲೆಯ ಬೂದಿ ಸ್ವಲ್ಪ ಜಿಡ್ಡು ಬಿಡಿಸುತ್ತದೆ, ಆದ್ದರಿಂದ ಬೂದಿಗೆ ಎಂಟಾಣೆ ಮರ್ಯಾದೆ. ಹಳ್ಳದ ದಂಡೆಯಲ್ಲಿ ಉಪ್ಪಿನಂತೆ ಬೆಳ್ಳಗೆ ಕಟ್ಟುವ ಸವಳು ಮಣ್ಣಿಗೂ ಅಂಟುವಾಳದ ನೊರೆಗೂ ಮಾತ್ರ ಪೂರಾ ರೂಪಾಯಿ. ಸಾಬೂನು? ಅದೂ ಪಾಸಾಗಿತ್ತು. ಆದರೆ ಸಾಬೂನನ್ನು ಎಣ್ಣೆಯಿಂದಲೇ ಮಾಡುತ್ತಾರೆಂದು ಸಂತೆಯ ವ್ಯಾಪಾರಿಯೊಬ್ಬ ಹೇಳಿದಂದಿನಿಂದ ಅದರ ಮೇಲೆ ಅವಳಿಗೆ ಅನುಮಾನ. "ಹಡೆದ ಎಣ್ಣೀನ ಓಡಸ್ತದ ಅಂದ್ರ ಅದೆಂಥಾ ಮನಿಮುರುಕ ಇರಬೇಕು!" ಎನ್ನುವಳು.

ಎಲ್ಲಕ್ಕಿಂತ ಅವಳಿಗೆ ಕಂಡರಾಗದ್ದು ನೀಲಿ ಪುಡಿ. ನನ್ನ ತಂದೆ ಉಸ್ಮಾನಸಾಬರ ಶುಕ್ರವಾರದ ಪೈಜಾಮಕ್ಕೆ ನನ್ನ ತಾಯಿ ನೀಲಿ ಹಾಕಿ, ಗಂಜಿ ಕೊಟ್ಟು ಗೋಡೆಯ ಮೇಲೆ ಹರವಿದರೆ ಆಚೆಯಿಂದ ದನಿ ಬರುತ್ತಿತ್ತು.

"ಸುಲ್ತಾನಾ, ಕೊಳಿ ಹೋತೋ, ಬಣ್ಣ ಹಚ್ಚಿದ್ಯೋ?"

"ಬೆಳ್ಳಗ ಕಾಣತದ ಇಲ್ಲೋ?"

"ಕಾಣತದ ಬೇ, ಕಾಣತದ. ನೀಲಿ ತೊಳಿಯಂಗಿಲ್ಲ, ಮಂದಿ ಕಣ್ಣಿಗೆ ಮಣ್ಣ ಹಾಕತದ."

ನನ್ನ ತಾಯಿಯೇನು ಸುಮ್ಮನಿರುವ ಹೆಂಗಸಲ್ಲ. ಇಬ್ಬರೂ ಗೋಡೆಯ ಎರಡೂ ಕಡೆ ನಿಂತು ಜಗಳಾಡುವರು. ಜಗಳ ಮುಗಿದ ಮೇಲೆ ಅಂಬುಬಾಯಿ ಒಂದು ಬಟ್ಟಲು ಎಣ್ಣೆ ದಾಟಿಸುವಳು, ನನ್ನ ತಾಯಿ ಅವಳ ಹರಿದ ಕುಪ್ಪಸ ಹೊಲಿದು ದಾಟಿಸುವಳು. ಓಣಿಯ ಹೊಲಿಗೆಯೆಲ್ಲ ನನ್ನ ತಾಯಿಯದೇ.

ಯುದ್ಧದ ಕಾಲ ಬಂತು. ಬಟ್ಟೆಗೆ ಕಂಟ್ರೋಲು, ಸಾಬೂನು ಕಣ್ಣಿಗೆ ಬೀಳುವುದು ಅಪರೂಪ. ಅಂಥದರಲ್ಲಿ ಅಂಬುಬಾಯಿಯ ಒಬ್ಬಳೇ ಮಗಳು ಭಾಗಮ್ಮನನ್ನು ನೋಡಲು ಆಳಂದದಿಂದ ಬೀಗರು ಬರುವುದು ಗೊತ್ತಾಯಿತು. ಬರುವವರು ದೇವೀಂದ್ರಪ್ಪ ಮತ್ತು ಅವರ ಅಕ್ಕ ಮಾಣಿಕಮ್ಮ. ದೇವೀಂದ್ರಪ್ಪನ ತಂದೆಯೂ ಗಾಣ ತಿರುಗಿಸಿದವರೇ. ಆದರೆ ಇವರು ಬಟ್ಟೆ ಅಂಗಡಿ ಇಟ್ಟ ಮೇಲೆ ಗಾಣದ ಮಾತು ಬಂದರೆ ಮಾಣಿಕಮ್ಮ ಮೂಗಿಗೆ ಸೆರಗು ಹಿಡಿಯುತ್ತಾಳೆಂದು ಸುದ್ದಿ. ಹುಡುಗ, ದೇವೀಂದ್ರಪ್ಪನ ಮಗ ನಾಗಣ್ಣ, ಒಳ್ಳೆಯವನು. ಗಾಣಗಾಪುರದ ಒಂದು ಮದುವೆಯಲ್ಲಿ ಅವನನ್ನು ಕಂಡಿದ್ದ ಭಾಗಮ್ಮ ಅಂದಿನಿಂದ ಬೇರೆ ಯಾವ ಸಂಬಂಧಕ್ಕೂ ಹೂಂ ಅಂದಿರಲಿಲ್ಲ. ಅದು ತಾಯಿಗೆ ಗೊತ್ತಿತ್ತು. ಹೀಗಾಗಿ ಜನ್ಮದಲ್ಲಿ ಯಾರಿಗೂ ಹೆದರದ ಅಂಬುಬಾಯಿಗೂ ಅಂದು ಹೆದರಿಕೆ.

ಪಡಸಾಲೆಯಲ್ಲಿ ಕೂರಲು ಒಂದು ಉದ್ದನೆಯ ಕಟ್ಟಿಗೆಯ ಬಾಂಕು ಇತ್ತು. ಎಣ್ಣೆ ಕೊಳ್ಳಲು ಬಂದವರು ಡಬ್ಬಿ ಇಡುವ ಬಾಂಕು, ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಅದರ ಮೇಲೆ ಕಂಬಳಿ ಹಾಸಿಡಲು ಗಂಡನಿಗೆ ಹೇಳಿ ಅಂಬುಬಾಯಿ ಒಲೆಯ ಮುಂದೆ ಕೂತಳು. ಮಲ್ಕಪ್ಪನಿಗೆ ಬೇರೊಂದು ಯೋಚನೆ ಹೊಳೆಯಿತು. ಅಂಗಡಿಯವರ ಕಣ್ಣಿಗೆ ಗಾಣ ಬೀಳಬಾರದೆಂದು ಕಂಬಳಿಯನ್ನು ಒಯ್ದು ಗಾಣಕ್ಕೆ ಹೊದಿಸಿಬಿಟ್ಟ. ಆಳೆತ್ತರದ ಗಾಣ ಕಂಬಳಿ ಹೊದ್ದು ಜ್ವರ ಬಂದವರ ಹಾಗೆ ನಿಂತಿತು, ಬಾಂಕು ಬರಿ ಮೈಯಲ್ಲಿ ಉಳಿಯಿತು. ದೇವೀಂದ್ರಪ್ಪ ಹಾಲಿನಂಥ ಧೋತರ ಉಟ್ಟು ಬಂದವರು ನೇರವಾಗಿ ಅದರ ಮೇಲೆಯೇ ಕೂತರು.

ಊಟಕ್ಕೆ ಎದ್ದಾಗ ಹಿಂದೆ ಅಂಗೈಯಗಲ ಎಣ್ಣೆ ಕಲೆ.

"ನೋಡಪಾ, ಗಾಣದವರ ಮನಿ" ಎಂದಳು ಮಾಣಿಕಮ್ಮ. "ಕುಂತಲ್ಲಿ ಎಣ್ಣಿ, ನಿಂತಲ್ಲಿ ಎಣ್ಣಿ. ಈ ಹುಡುಗಿ ಕೈ ಹತ್ತಿದ್ರ ಅಂಗಡಿ ಬಟ್ಟಿ ಎಲ್ಲಾ ಇದೇ ಗತಿ. ನಡಿ, ಹೋಗೋಣು."

ಬಾಗಿಲ ಹಿಂದೆ ಭಾಗಮ್ಮನ ಬಳೆಯ ಸದ್ದು ನಿಂತಿತು. ಅಂಬುಬಾಯಿ ಹೊರಗೆ ಬಂದಳು.

"ಅಕ್ಕಾರ, ಉಂಡು ಒಂದು ಜಂಪು ನಿದ್ದಿ ಮಾಡ್ರಿ. ಬಿಸಿಲು ಇಳಿಯೂದರೊಳಗ ಧೋತರ ಹ್ಯಾಂಗ ಬಂದಿತ್ತೋ ಹಾಂಗ ಕೊಡ್ತೇನಿ. ಕಲಿ ಉಳೀತು ಅಂದ್ರ ನನ್ನ ಮಗಳು ಬ್ಯಾಡ ಅನ್ರಿ."

ಮಾಣಿಕಮ್ಮ ಒಪ್ಪಿದಳು. ಒಪ್ಪದವರು ದೇವೀಂದ್ರಪ್ಪ. "ಇರ್ಲಿ ಬಿಡ್ರಿ, ತೊಳಿಯೂದು ಬ್ಯಾಡ. ನಮ್ಮನ್ಯಾಗ ತೊಳಸ್ತೇನಿ" ಎಂದು ಧೋತರದ ಅಂಚು ಹಿಡಿದುಕೊಂಡೇ ನಿಂತರು. ಸಿಟ್ಟು ಬಂದಿದೆ ಎಂದು ಎಲ್ಲರೂ ತಿಳಿದರು. ಮಲ್ಕಪ್ಪ ತನ್ನ ಧೋತರ ತಂದು, ಕೈಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡ ಮೇಲೆ ಉಟ್ಟದ್ದನ್ನು ಬಿಚ್ಚಿಕೊಟ್ಟರು.

ಹಿತ್ತಲಿನಲ್ಲಿ ಅಂಬುಬಾಯಿಗೆ ನನ್ನ ತಾಯಿ ಜೊತೆಯಾದಳು. ಸವಳು ಮಣ್ಣು ಕಲಸಿ ತಿಳಿಯಾದ ನೀರನ್ನು ಬಸಿದು ಕಾಯಿಸಿದರು. ಕಲೆ ನೆನೆಹಾಕಿ, ಅಂಟುವಾಳದ ನೊರೆ ಹಚ್ಚಿ ಮೆಲ್ಲಗೆ ತಿಕ್ಕಿದರು. ನೊರೆ ಹಳದಿಯಾಗಿ ಇಳಿಯಿತು. ಹಿಂಡಿ, ಆ ಜಾಗವನ್ನು ಬಿಸಿಲಿಗೆ ಹಿಡಿದು ಒಣಗಿಸಿ, ಅಂಬುಬಾಯಿ ಹನಿ ಬಿಟ್ಟಳು. ಹನಿ ಇಳಿಯಿತು. "ಗೆದ್ದಿ ಬೇ!" ಎಂದಳು ನನ್ನ ತಾಯಿ.

ಅಂಬುಬಾಯಿ ತೊಳೆದ ನೀರಿನ ಕಡೆ ಬೆರಳು ತೋರಿಸಿದಳು. ಅದು ನೀಲಿಯಾಗಿತ್ತು. ಎಣ್ಣೆಯ ಜೊತೆ ನೀಲಿಯೂ ಗಂಜಿಯೂ ಹೋಗಿ ಕೈಯಲ್ಲಿ ಉಳಿದದ್ದು ಉಳ್ಳಾಗಡ್ಡಿ ಸಿಪ್ಪೆಯಂತೆ ತೆಳ್ಳಗಾದ ಬಟ್ಟೆ. ಅದು ಒಂದು ಧೋತರವೂ ಅಲ್ಲ. ಎರಡು ಹಳೆಯ ಧೋತರ ಹರಿದು ನಡುವೆ ಕೂಡಿಸಿದ್ದು. ಅಲ್ಲಲ್ಲಿ ಕಣ್ಣಿಗೆ ಬೀಳದಂತೆ ರಫೂ ಹಾಕಿದ್ದರು. ತಿಕ್ಕುವಾಗ ಒಂದು ರಫೂ ಬಿಟ್ಟುಕೊಂಡಿತ್ತು.

"ಬಟ್ಟಿ ಅಂಗಡಿ ಸಾವಕಾರ್ರು..." ಎಂದು ನನ್ನ ತಾಯಿ ನಕ್ಕವಳು ನಡುವೆಯೇ ನಿಲ್ಲಿಸಿದಳು. ಅಂಗಡಿಯಲ್ಲಿ ಬಟ್ಟೆ ಇದ್ದರೆ ಸಾವಕಾರ ಇದನ್ನೇಕೆ ಉಡುತ್ತಿದ್ದರು? ಅವರು ಧೋತರದ ಅಂಚು ಬಿಡದೆ ನಿಂತದ್ದು ಈಗ ಅರ್ಥವಾಯಿತು.

ಮಾಣಿಕಮ್ಮನ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. ಧೋತರವನ್ನು ಹಾಗೇ ಒಯ್ದು ಪಡಸಾಲೆಯಲ್ಲಿ ಹರವಿದರೆ ಸಾಕಿತ್ತು. ಅಂಬುಬಾಯಿ ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ನನ್ನ ತಾಯಿ ಕಾದಳು. ಮಾತಿಗೆ ಮಾತು ಬಾಕಿ ಇಡದ ಹೆಂಗಸು ಅವಳು. ಅವಳು ಒದ್ದೆ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಆಮೇಲೆ ಗೋಡೆಯ ಕಡೆ ನೋಡುತ್ತ ಅಂದಳು:

"ನಿನ್ನ ನೀಲಿ ಪುಡಿ ತಾ ಬೇ."

"ಏನಂದಿ?"

"ಕಿವಿ ಕೇಳಸ್ತಾವಲ್ಲಾ? ನೀಲಿ ತಾ. ಹ್ಯಾಂಗ ಬಂದಿತ್ತೋ ಹಾಂಗ ಕೊಡ್ತೇನಿ ಅಂದೇನಿ. ಸೂಜಿನೂ ತಾ."

ಬೀಗರಿಗೆಂದು ಅನ್ನ ಮಾಡಿದ್ದರಿಂದ ಗಂಜಿಗೆ ಬರವಿರಲಿಲ್ಲ. ನೀಲಿ ಎಷ್ಟು ಹಾಕಬೇಕೆಂಬುದು ಅಂಬುಬಾಯಿಗೆ ಗೊತ್ತಿರಲಿಲ್ಲ; ಕಲಿತವರಿಗೆ ತಾನೇ ಗೊತ್ತು. ನನ್ನ ತಾಯಿ ಹೇಳಿಕೊಡುತ್ತ ಹೋದಳು, ಅವಳು ಶಾಲೆಯ ಹುಡುಗಿಯಂತೆ ಕೇಳಿ ಕೇಳಿ ಹಾಕಿದಳು. ಆ ದಿನ ನನ್ನ ತಾಯಿಗೆ ಆದಷ್ಟು ಸಂತೋಷ ಅವಳ ಮದುವೆಯಲ್ಲಿಯೂ ಆಗಿರಲಿಲ್ಲವಂತೆ. ಬಿಟ್ಟ ರಫೂ ಹೊಲಿದು, ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿದರು.

ಬಿಸಿಲು ಇಳಿಯುವ ಮೊದಲೇ ಧೋತರ ಪಡಸಾಲೆಗೆ ಬಂತು. ಮಾಣಿಕಮ್ಮ ತಿರುವಿ ತಿರುವಿ ನೋಡಿದಳು, ಮೂಸಿದಳು. ಕಲೆ ಇದ್ದ ಜಾಗ ಯಾವುದೆಂದೇ ಅವಳಿಗೆ ತಿಳಿಯಲಿಲ್ಲ. ದೇವೀಂದ್ರಪ್ಪ ಮಾತ್ರ ಬಟ್ಟೆಯ ಮೇಲೆ ಬೆರಳಾಡಿಸುತ್ತ ಒಂದು ಕಡೆ ತಡೆದರು. ತಮ್ಮ ಮನೆಯ ಹೊಲಿಗೆಯ ನಡುವೆ ಒಂದು ಹೊಸ ಹೊಲಿಗೆ. ತಲೆಯೆತ್ತಿ ಅಂಬುಬಾಯಿಯನ್ನು ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಹ್ಯಾಂಗ ಬಂದಿತ್ತೋ ಹಾಂಗೇ ಅದ ಇಲ್ಲರಿ?" ಎಂದಳು.

ದೇವೀಂದ್ರಪ್ಪ ಮಾಣಿಕಮ್ಮನ ಕಡೆ ತಿರುಗಿದರು. "ಅಕ್ಕಾ, ಹುಡುಗಿ ನಮಗ ಪಸಂದ್ ಅದ" ಎಂದರು. ಭಾಗಮ್ಮನನ್ನು ಅವರಿನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ.

ಇದರಿಂದ ಅಂಬುಬಾಯಿ ಬದಲಾದಳೆಂದು ತಿಳಿಯಬೇಡಿ. ಮರು ಶುಕ್ರವಾರವೇ ಗೋಡೆಯಾಚೆಯಿಂದ ದನಿ ಬಂತು, "ಸುಲ್ತಾನಾ, ಬಣ್ಣ ಹಚ್ಚಿದ್ಯೇನು?" ನನ್ನ ತಾಯಿ ಆ ದಿನದ ಮಾತು ಎತ್ತಿದರೆ, "ನೀಲಿ ತೊಳೀತದ ಅಂತ ನಾನೆಲ್ಲಿ ಅಂದೇನಿ?" ಎಂದು ಜಾರಿಕೊಳ್ಳುವಳು. ಧೋತರದ ಒಳಗುಟ್ಟನ್ನು ಗಂಡನಿಗೂ ಮಗಳಿಗೂ ಅವಳು ಹೇಳಲಿಲ್ಲ.

ಮದುವೆ ಹಿರೋಳ್ಳಿಯಲ್ಲೇ ಆಯಿತು. ಈ ಸಲ ಮಲ್ಕಪ್ಪ ಬುದ್ಧಿವಂತನಾಗಿ ಬಾಂಕಿನ ಮೇಲೆ ಒಂದಲ್ಲ, ಎರಡು ಕಂಬಳಿ ಹಾಸಿದ್ದ. ದೇವೀಂದ್ರಪ್ಪ ಅದೇ ಧೋತರ ಉಟ್ಟು ಬಂದರು. ಬಂದವರು ಎರಡೂ ಕಂಬಳಿ ಮಡಚಿ ಬದಿಗಿಟ್ಟು, ಬರಿ ಕಟ್ಟಿಗೆಯ ಮೇಲೆ ನೆಮ್ಮದಿಯಾಗಿ ಕೂತುಬಿಟ್ಟರು.

"ಏ ದೇವಿ, ಎಣ್ಣಿ ಹತ್ತತದ!" ಎಂದು ಮಾಣಿಕಮ್ಮ ಕೂಗಿದಳು.

"ಹತ್ತಲಿ ಬಿಡಕ್ಕಾ" ಎಂದರು ದೇವೀಂದ್ರಪ್ಪ. "ತೊಳಿಯವ್ರ ಮನ್ಯಾಗ ಕುಂತೇನಿ."

ಅಂಬುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ನೀಲಿ ಪುಡಿ ತರಲು ನನ್ನ ತಾಯಿಗೆ ಸನ್ನೆ ಮಾಡಿದಳು.